ಬಿದ್ದದ್ದು ಕಂಬ ಅಲ್ಲ, ಎದ್ದದ್ದು ಗೂಟ!

ನಮ್ಮದು ಮುಂಡರಗಿ ಸೀಮೆಯ ಒಣಬೇಸಾಯ. ಜೋಳ, ಕಡಲೆ, ಸೂರ್ಯಕಾಂತಿ. ಕಪ್ಪತಗುಡ್ಡದ ಮೇಲೆ ಕಂಪನಿಯವರ ದೊಡ್ಡ ಗಾಳಿಯಂತ್ರ ತಿರುಗುವುದನ್ನು ದಿನಾ ನೋಡುವವರು ನಾವು. ಹೊಲದ ಮನೆಗೆ ಕರೆಂಟಿಲ್ಲ. ಸೋಲಾರ್ ಇತ್ತು, ಆದರೆ ಆಷಾಢದ ಮೋಡ ಮುಚ್ಚಿದರೆ ಅದು ಮಂಕು. ಗಾಳಿ ಮಾತ್ರ ಆಗಲೇ ಜೋರು. ಹೀಗಾಗಿ 2019ರಲ್ಲಿ ಚಿಕ್ಕ ಗಾಳಿಯಂತ್ರವೊಂದನ್ನು ತಂದು 30 ಅಡಿಯ ಕಬ್ಬಿಣದ ಪೈಪಿನ ಮೇಲೆ ಕೂಡಿಸಿದೆ. ನಾಲ್ಕು ದಿಕ್ಕಿಗೆ ನಾಲ್ಕು ಸ್ಟೇ ತಂತಿ.

2020ರ ಜುಲೈ ತಿಂಗಳ ಒಂದು ರಾತ್ರಿ ಕಂಬ ಉರುಳಿತು. ಮಗ ಮಲಗುವ ಹೊರಸು ಎರಡು ತುಂಡು. ಮಳೆ ಬರುವ ಹಾಗಿದೆ ಅಂತ ಅವನು ಆ ರಾತ್ರಿ ಊರ ಮನೆಗೆ ಹೋಗಿದ್ದ. ಅದೇ ನಮ್ಮ ಪುಣ್ಯ.

ಮರುದಿನ ನಮ್ಮೂರಿನ ನಿವೃತ್ತ ಲೈನ್‌ಮನ್ ಬಂದು ನೋಡಿದರು. ನಾನು ಪೈಪು ಹಗುರಾಯಿತು ಅಂತ ಬೈಯುತ್ತ ಕೂತಿದ್ದೆ. "ಪೈಪಿಗ್ಯಾಕ ಬೈತಿ ತಮ್ಮಾ? ಕಂಬ ಬಿದ್ದಿಲ್ಲ, ನಿನ್ನ ಗೂಟ ಎದ್ದೈತಿ" ಅಂದರು. ಹೋಗಿ ನೋಡಿದರೆ ಗಾಳಿ ಬರುವ ಕಡೆಯ ಸ್ಟೇ ರಾಡು ಕಲ್ಲಿನ ಸಮೇತ, ಶೇಂಗಾ ಗಿಡ ಕಿತ್ತಂತೆ ಮೇಲೆ ಬಂದಿತ್ತು.

ಎಳೆತದ ಲೆಕ್ಕ

ನಾನು ಕಲಿತದ್ದು ಏಳನೇ ಇಯತ್ತೆ. ಈ ಲೆಕ್ಕಕ್ಕೆ ಅಷ್ಟು ಸಾಕು. ನಾನು ತಂತಿ ಕಟ್ಟಿದ್ದು 24 ಅಡಿ ಎತ್ತರದಲ್ಲಿ. ಕುಂಟೆ ಹೊಡೆಯಲು ಅಡ್ಡ ಆಗಬಾರದು, ನೆಲ ಹಾಳಾಗಬಾರದು ಅಂತ ಗೂಟಗಳನ್ನು ಕಂಬದಿಂದ ಬರೀ 8 ಅಡಿ ದೂರದಲ್ಲಿ ಹಾಕಿದ್ದೆ. ತಪ್ಪು ಅಲ್ಲೇ ಆಯಿತು.

ತಂತಿ ಕಟ್ಟಿದ ಜಾಗದಲ್ಲಿ ಗಾಳಿಯ ಅಡ್ಡ ಎಳೆತ 100 ಕೆ.ಜಿ. ಅಂತ ಇಟ್ಟುಕೊಳ್ಳಿ. ತಂತಿಯ ಎತ್ತರವನ್ನು ಗೂಟದ ದೂರದಿಂದ ಭಾಗಿಸಿ. 24ನ್ನು 8ರಿಂದ ಭಾಗಿಸಿದರೆ 3. ಅಂದರೆ ಗೂಟವನ್ನು ಮೇಲಕ್ಕೆ ಕೀಳುವ ಬಲ 300 ಕೆ.ಜಿ. ಗೂಟ 12 ಅಡಿ ದೂರ ಇದ್ದರೆ 200, 24 ಅಡಿ ದೂರ ಇದ್ದರೆ 100. ನೆಲ ಉಳಿಸಲು ಹೋದಷ್ಟೂ ಗೂಟಕ್ಕೆ ಕೇಡು. ಇನ್ನೊಂದು ಮಾತು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟಾಗುತ್ತದೆ. ಬೇಸಿಗೆಯಲ್ಲಿ ಕಂಬ ಗಟ್ಟಿ ನಿಂತಿದೆ ಅಂತ ಆಷಾಢಕ್ಕೆ ಭರವಸೆ ಇಡಬೇಡಿ.

ಎರೆ ಭೂಮಿಯ ಗುಣ

ನಮ್ಮದು ಎರೆ ಹೊಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ನಾನು ಎರಡು ಅಡಿ ಆಳದಲ್ಲಿ ಹೂಳಿದ ಕಲ್ಲಿನ ಸುತ್ತ ಮಣ್ಣಿನ ಹಿಡಿತವೇ ಇರಲಿಲ್ಲ. ಎರೆಯಲ್ಲಿ ಮಣ್ಣಿನ ಹಿಡಿತವನ್ನು ಲೆಕ್ಕಕ್ಕೆ ಹಿಡಿಯಬಾರದು. ಕಾಂಕ್ರೀಟಿನ ತೂಕವೊಂದನ್ನೇ ನಂಬಬೇಕು.

2021ರಲ್ಲಿ ಮತ್ತೆ ಎಬ್ಬಿಸಿದಾಗ ಗೂಟಗಳನ್ನು 18 ಅಡಿ ದೂರಕ್ಕೆ ಒಯ್ದೆ. ಎಳೆತ 133 ಕೆ.ಜಿ.ಗೆ ಇಳಿಯಿತು. ಅದರ ಮೂರು ಪಟ್ಟು ತೂಕ ಇರಲಿ ಅಂದರು ಲೈನ್‌ಮನ್, ಅಂದರೆ 400 ಕೆ.ಜಿ. ಒಂದು ಘನ ಅಡಿ ಕಾಂಕ್ರೀಟು ಸುಮಾರು 68 ಕೆ.ಜಿ. ತೂಗುತ್ತದೆ. 2 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ದಪ್ಪ ಅಂದರೆ 6 ಘನ ಅಡಿ. ಲೆಕ್ಕ ಸರಿ ಹೋಯಿತು. ಕೆಳಗೆ ಗರಸು ಸಿಗುವ ತನಕ ಕುಣಿ ತೋಡಿದೆವು, ಐದು ಅಡಿ ಆಯಿತು. ಸ್ಟೇ ರಾಡನ್ನು ಕಾಂಕ್ರೀಟಿನಲ್ಲಿ ತಂತಿಯ ದಿಕ್ಕಿಗೇ ಓರೆಯಾಗಿ ಕೂಡಿಸಬೇಕು. ನೆಟ್ಟಗೆ ಕೂಡಿಸಿದರೆ ಗಾಳಿ ಅದನ್ನು ಬಗ್ಗಿಸಿ ತಂತಿ ಸಡಿಲು ಮಾಡುತ್ತದೆ. ಮಣ್ಣು ಮುಟ್ಟುವ ಕಡೆ ರಾಡಿಗೆ ಡಾಂಬರು ಬಳಿಯಿರಿ, ತುಕ್ಕು ಮೊದಲು ಹಿಡಿಯುವುದು ಅಲ್ಲೇ.

ತಂತಿ ಮತ್ತು ಕ್ಲಾಂಪು

24 ಎತ್ತರ, 18 ದೂರ ಇದ್ದರೆ ತಂತಿ 30 ಅಡಿ. ಗೌಂಡಿಗಳು ಮೂಲೆ ಹಿಡಿಯುವ 3-4-5ರ ಲೆಕ್ಕವೇ ಇದು. ತುದಿ ಮಡಚಲು ಎರಡೂ ಕಡೆ ಸೇರಿ ನಾಲ್ಕು ಅಡಿ ಹೆಚ್ಚು ಇಟ್ಟುಕೊಳ್ಳಿ. ಏಳು ಎಳೆಯ ಸತು ಲೇಪದ ಸ್ಟೇ ತಂತಿಯೇ ಬೇಕು. ಬೇಲಿ ತಂತಿ ಬೇಡ. ತಂತಿ ಕಟ್ಟುವ ಜಾಗ ರೆಕ್ಕೆಯ ತುದಿಗಿಂತ ಕೆಳಗೇ ಇರಬೇಕು.

ಮಡಚುವಲ್ಲಿ ಒಳಗೆ ತಿಂಬಲ್ ಹಾಕಿ, ಇಲ್ಲದಿದ್ದರೆ ಎಳೆ ಮುರಿಯುತ್ತದೆ. ಪ್ರತಿ ತುದಿಗೆ ಮೂರು ಕ್ಲಾಂಪು. ಕ್ಲಾಂಪಿನ ತಡಿ ಭಾರ ಹೊರುವ ಉದ್ದ ತಂತಿಯ ಮೇಲೆ ಕೂಡಬೇಕು, ಯು ಬೋಲ್ಟು ಮಡಚಿದ ತುಂಡು ತುದಿಯ ಮೇಲೆ. ನಾನು ಮೊದಲು ಇದನ್ನೂ ತಿರುವುಮುರುವು ಹಾಕಿದ್ದೆ. ಎಳೆತ ಬಿದ್ದ ಮೇಲೆ ತಂತಿ ತುಸು ಸಣ್ಣದಾಗುತ್ತದೆ. ಆಗ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ತಂತಿಯನ್ನು ತಂಬೂರಿಯಂತೆ ಬಿಗಿಯಬೇಡಿ. ಅತಿ ಬಿಗಿದರೆ ತಂತಿಯೇ ಕಂಬವನ್ನು ಕೆಳಕ್ಕೆ ಒತ್ತಿ ಬಗ್ಗಿಸುತ್ತದೆ. ತೂಗುಗುಂಡು ಬಿಟ್ಟು ಕಂಬ ನೆಟ್ಟಗಿದೆಯೇ ನೋಡುತ್ತ, ಎದುರುಬದುರು ತಂತಿಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟರ್ನ್ ಬಕಲ್ ನಡುವೆ ಸಣ್ಣ ತಂತಿ ತೂರಿಸಿ ಕಟ್ಟಿ, ಇಲ್ಲವಾದರೆ ನಡುಗಿ ನಡುಗಿ ತಾನೇ ಬಿಚ್ಚಿಕೊಳ್ಳುತ್ತದೆ.

ಎಬ್ಬಿಸುವಾಗ

ಗಾಳಿ ಇಲ್ಲದ ಬೆಳಿಗ್ಗೆ ಮಾತ್ರ ಎಬ್ಬಿಸಿ. ರೆಕ್ಕೆ ತಿರುಗದಂತೆ ಹಗ್ಗದಿಂದ ಕಟ್ಟಿರಬೇಕು. ಕಂಬ ಬೀಳಬಹುದಾದಷ್ಟು ಜಾಗದಲ್ಲಿ ಮಕ್ಕಳು, ದನ ಬೇಡ. ಎರಡು ಪಕ್ಕದ ಗೂಟಗಳು ಬುಡದ ಕೀಲಿನ ಮಟ್ಟಕ್ಕೆ, ಅದೇ ಸಾಲಿನಲ್ಲಿ ಇರಬೇಕು. ಆಗ ಕಂಬ ಏಳುತ್ತಿರುವಾಗಲೂ ಪಕ್ಕದ ತಂತಿಗಳು ಅದನ್ನು ಹಿಡಿದಿರುತ್ತವೆ. ಇಳಿಜಾರು ಹೊಲದಲ್ಲಿ ಇದನ್ನು ಮರೆತರೆ ಅರ್ಧ ಎದ್ದ ಕಂಬ ಪಕ್ಕಕ್ಕೆ ಮಲಗುತ್ತದೆ.

ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ, ಗಾಳಿ ಏಳುವ ಮೊದಲು, ನಾಲ್ಕೂ ಗೂಟ ಸುತ್ತಿ ಬರುತ್ತೇನೆ. ರಾಡಿನ ತುಕ್ಕು, ಕ್ಲಾಂಪು, ಟರ್ನ್ ಬಕಲ್ ನೋಡಿ, ಬಿರುಕುಗಳಿಗೆ ಮಣ್ಣು ತುಂಬಿ ತುಳಿಯುತ್ತೇನೆ. ಮೊದಲ ಜೋರು ಗಾಳಿ ಆದ ಮೇಲೆ ಮತ್ತೊಂದು ಸುತ್ತು. ಎತ್ತು ಎಡವದಂತೆ ತಂತಿಯ ಕೆಳ ತುದಿಗೆ ಹಳದಿ ಪೈಪು ತೊಡಿಸಿದ್ದೇನೆ. ಹೊರಸನ್ನು ಕಂಬದಿಂದ 40 ಅಡಿ ಆಚೆ ಒಯ್ದಿದ್ದೇನೆ.

ನಾಲ್ಕು ಗೂಟಕ್ಕೆ ಒಂದಿಷ್ಟು ನೆಲ ಹೋಯಿತು, ನಿಜ. ಕುಂಟೆ ಸುತ್ತಿ ಹೊಡೆಯುತ್ತೇವೆ. ಅದಕ್ಕೆ ನಾನು ಗೊಣಗಿದಾಗ ಮನೆಯಾಕೆ ಒಂದೇ ಮಾತು ಹೇಳುತ್ತಾಳೆ: "ನೆಲ ಉಳಸಾಕ ಹೋಗಿ ಮಗನ್ನ ಕಳಕೋತಿದ್ರಿ, ನೆನಪೈತೇನ್ರಿ?"