ಖುಲಾಸೆಯಾದ ಮೇಲೆ ಪರಿಹಾರ ಕೇಳುವುದು ಹೇಗೆ?

ಕೊಲೆಯಾದಳೆಂದು ಪೊಲೀಸರು ಹೇಳಿದ್ದ ಹೆಂಡತಿ ಜೀವಂತ ಸಿಕ್ಕಳು. ಆಕೆಯನ್ನು ಕೊಂದ ಆರೋಪ ಹೊತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದ ಕೊಡಗಿನ ಕಾರ್ಮಿಕನನ್ನು ಮೈಸೂರಿನ ಸೆಷನ್ಸ್ ನ್ಯಾಯಾಲಯ 2025ರಲ್ಲಿ ಖುಲಾಸೆ ಮಾಡಿತು. ಗೃಹ ಇಲಾಖೆ ಆತನಿಗೆ ಒಂದು ಲಕ್ಷ ರೂಪಾಯಿ ಕೊಡಬೇಕೆಂದೂ ಆದೇಶಿಸಿತು. ಇಂಥ ಆದೇಶ ಅಪರೂಪ. ಖುಲಾಸೆಯಾದವರಿಗೆಲ್ಲ ತಾನಾಗಿ ಪರಿಹಾರ ಕೊಡುವ ಕಾನೂನು ನಮ್ಮಲ್ಲಿಲ್ಲ. ಇರುವ ದಾರಿಗಳನ್ನು ನಾವೇ ಹುಡುಕಿಕೊಂಡು ಹೋಗಬೇಕು, ಅದೂ ಗಡುವಿನೊಳಗೆ.

ಮೊದಲ ದಾರಿ ತೀರ್ಪು ಬರುವ ದಿನವೇ, ಅದೇ ಕೋರ್ಟಿನಲ್ಲಿದೆ. ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಬಹುದಾದ ಪ್ರಕರಣದಲ್ಲಿ ಆರೋಪಕ್ಕೆ ಸರಿಯಾದ ಕಾರಣವೇ ಇರಲಿಲ್ಲವೆಂದು ಕಂಡುಬಂದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 273ನೇ ಕಲಂ ಪ್ರಕಾರ ದೂರುದಾರನಿಂದ ವಿವರಣೆ ಕೇಳಿ, ಆರೋಪಿಗೆ ಪರಿಹಾರ ಕೊಡಿಸಬಹುದು. ಮೊತ್ತ ಆ ಮ್ಯಾಜಿಸ್ಟ್ರೇಟರು ವಿಧಿಸಬಹುದಾದ ದಂಡದ ಮಿತಿಯನ್ನು ಮೀರುವಂತಿಲ್ಲ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೆ ಈಗ ಆ ಮಿತಿ 50,000 ರೂಪಾಯಿ. ಈ ಹೊಸ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮೊದಲೇ ವಿಚಾರಣೆಯಲ್ಲಿದ್ದ ಪ್ರಕರಣಗಳಿಗೆ ಹಳೆಯ ದಂಡಪ್ರಕ್ರಿಯಾ ಸಂಹಿತೆಯ 250ನೇ ಕಲಂ ಅನ್ವಯಿಸುತ್ತದೆ. ಆಧಾರವಿಲ್ಲದೆ ಬಂಧನ ಮಾಡಿಸಿದವರಿಂದ ಪರಿಹಾರ ಕೊಡಿಸುವ 399ನೇ ಕಲಂ ಕೂಡ ಹೊಸ ಸಂಹಿತೆಯಲ್ಲಿದೆ. ಅದರ ಮಿತಿ ಇಂದಿಗೂ ಒಂದು ಸಾವಿರ ರೂಪಾಯಿ. ಒಬ್ಬ ಕೂಲಿಯವನ ಎರಡು ದಿನದ ಸಂಬಳಕ್ಕೆ ಸರಿಯಾಗದ ಈ ಮೊತ್ತವನ್ನು ಹೊಸ ಸಂಹಿತೆ ಬರೆಯುವಾಗಲೂ ತಿದ್ದಲಿಲ್ಲ ಎಂಬುದು ನೋವಿನ ಸಂಗತಿ.

ತೀರ್ಪಿನ ಮಾತುಗಳು ಇಲ್ಲಿ ಬಹಳ ಮುಖ್ಯ. "ಸಂಶಯದ ಲಾಭ" ಕೊಟ್ಟು ಬಿಡುಗಡೆ ಮಾಡಿದರೆ ಪರಿಹಾರದ ವಾದ ದುರ್ಬಲವಾಗುತ್ತದೆ. ಆರೋಪಕ್ಕೆ ಬುಡವೇ ಇರಲಿಲ್ಲ ಎಂದು ತೀರ್ಪಿನಲ್ಲೇ ಬಂದರೆ ಮುಂದಿನ ಹಾದಿ ಸಲೀಸು. ಹಾಗೆ ದಾಖಲಿಸುವಂತೆ ಅಂತಿಮ ವಾದದಲ್ಲೇ ಕೇಳಿ ಎಂದು ನಿಮ್ಮ ವಕೀಲರಿಗೆ ಹೇಳಿ. ಬಿಡುಗಡೆ ಆದರೆ ಸಾಕು ಎಂಬ ಆತಂಕದಲ್ಲಿ ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ.

ಎರಡನೆಯದು ಸಿವಿಲ್ ಕೋರ್ಟಿನಲ್ಲಿ ದುರುದ್ದೇಶದ ಮೊಕದ್ದಮೆಗಾಗಿ ಹೂಡುವ ನಷ್ಟಪರಿಹಾರದ ದಾವೆ. ಖುಲಾಸೆಯಾದದ್ದಷ್ಟೇ ಇದಕ್ಕೆ ಸಾಲದು. ಎದುರಾಳಿಯೇ ಪ್ರಕರಣ ನಡೆಸಿದ, ಅದಕ್ಕೆ ತಕ್ಕ ಕಾರಣವಿರಲಿಲ್ಲ, ಅವನಿಗೆ ದ್ವೇಷವಿತ್ತು, ನಿಮಗೆ ನಷ್ಟವಾಯಿತು ಎಂಬುದನ್ನೆಲ್ಲ ನೀವೇ ಸಾಬೀತುಪಡಿಸಬೇಕು. ಕಾಲಮಿತಿ ಕಾಯ್ದೆಯ 74ನೇ ಅನುಚ್ಛೇದದಂತೆ ಗಡುವು ಖುಲಾಸೆಯಾದ ದಿನದಿಂದ ಒಂದೇ ವರ್ಷ. ಆದ್ದರಿಂದ ತೀರ್ಪಿನ ದೃಢೀಕೃತ ನಕಲಿಗೆ ಕೂಡಲೇ ಅರ್ಜಿ ಹಾಕಿ. ಜೈಲಿನಲ್ಲಿದ್ದ ದಿನಗಳ ದಾಖಲೆ, ವಕೀಲರ ಶುಲ್ಕದ ರಸೀದಿ, ಕೆಲಸ ಕಳೆದುಕೊಂಡ ಪತ್ರ ಎಲ್ಲವನ್ನೂ ಜೋಪಾನ ಮಾಡಿ. ಸರ್ಕಾರದ ವಿರುದ್ಧ ಅಥವಾ ಅಧಿಕಾರಿ ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೆಲಸಕ್ಕಾಗಿ ದಾವೆ ಹೂಡುವುದಾದರೆ ಸಾಮಾನ್ಯವಾಗಿ ಎರಡು ತಿಂಗಳು ಮುಂಚಿತವಾಗಿ ನೋಟಿಸ್ ಕೊಡಬೇಕು. ಪೊಲೀಸರ ಮೇಲಾದರೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಕೇಳುವ ಸರ್ಕಾರದ ಪೂರ್ವಾನುಮತಿಯ ಪ್ರಶ್ನೆಯೂ ಬರುತ್ತದೆ.

ಪೊಲೀಸರೇ ಹಕ್ಕನ್ನು ತುಳಿದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. 1968ರಲ್ಲೇ ಖುಲಾಸೆಯಾಗಿದ್ದರೂ 1982ರವರೆಗೆ ಬಿಹಾರದ ಜೈಲಿನಲ್ಲೇ ಉಳಿದ ರುದುಲ್ ಸಾಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲಿ ಹಣದ ಪರಿಹಾರ ಕೊಡಿಸಿ ಈ ಹಾದಿ ತೆರೆಯಿತು. ಬೇಹುಗಾರಿಕೆಯ ಸುಳ್ಳು ಆರೋಪಕ್ಕೆ ಸಿಲುಕಿದ್ದ ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಕೊಡುವಂತೆ 2018ರಲ್ಲಿ ಕೇರಳ ಸರ್ಕಾರಕ್ಕೆ ಆದೇಶಿಸಿತು. ಮಾನವ ಹಕ್ಕುಗಳ ಆಯೋಗಕ್ಕೂ ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬಹುದು. ಆದರೆ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಬಲ್ಲದಷ್ಟೇ.

ಕೋರ್ಟಿನ ಕೃಪೆಯಿಂದ ಸಿಗುವ ಇಂಥ ಪರಿಹಾರ ಹಕ್ಕಾಗಿ ಸಿಗಬೇಕೆಂದೇ ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ ಪ್ರತ್ಯೇಕ ಕಾನೂನು ಮತ್ತು ವಿಶೇಷ ನ್ಯಾಯಾಲಯಗಳನ್ನು ಸೂಚಿಸಿತು. 2023ರಲ್ಲಿ ಹೊಸ ಸಂಹಿತೆಗಳು ಬಂದರೂ ಆ ಶಿಫಾರಸು ಅವುಗಳಲ್ಲಿ ಸೇರಲಿಲ್ಲ. ವಕೀಲರನ್ನಿಡಲು ಹಣವಿಲ್ಲದಿದ್ದರೆ ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ.