ಪ್ರವಾಸ ದಿಢೀರ್ ಆಗಲಿ, ದುಡ್ಡು ದಿಢೀರ್ ಬೇಡ

ಇಂದಿನ ಪಾಠ ಷೇರು, ಫಂಡುಗಳ ಬಗ್ಗೆ ಅಲ್ಲ. ಕೆಲಸದ ಒತ್ತಡ ತಡೆಯಲಾಗದೆ ಗೆಳೆಯರ ಜೊತೆ ಹೊರಟುಬಿಡುವ ಎರಡು ದಿನದ ಪ್ರವಾಸದ ಬಗ್ಗೆ.

ಎರಡು ವರ್ಷದ ಹಿಂದಿನ ಮಾತು. ತ್ರೈಮಾಸಿಕ ಲೆಕ್ಕ ಮುಗಿಸಿ, ಶುಕ್ರವಾರ ರಾತ್ರಿ ಸುಬಾಂಗ್ ಜಯಾದ ಎಸ್‌ಎಸ್ 15ರ ಮಾಮಕ್ ಅಂಗಡಿಯಲ್ಲಿ ನಾವು ನಾಲ್ವರು ತೆಹ್ ತಾರಿಕ್ ಕುಡಿಯುತ್ತಿದ್ದೆವು. "ಸಾಕಾಯ್ತು ಕಣ್ರೋ, ಬೆಳಿಗ್ಗೆ ಕ್ಯಾಮರೂನ್ ಹೈಲ್ಯಾಂಡ್ಸ್‌ಗೆ ಹೋಗ್ಬಿಡೋಣ" ಅಂದೆ. ಸೋಮವಾರವೂ ರಜೆ. ಎಲ್ಲರೂ ಹೂಂ ಅಂದರು. ಕೋಣೆಗೆ ದುಪ್ಪಟ್ಟು ಬಾಡಿಗೆ. ಕೋಣೆಯ ಖರ್ಚು ನನ್ನದು, ಊಟ ಇನ್ನಿಬ್ಬರದು. ಕಾರು ಬಾಡಿಗೆ, ಪೆಟ್ರೋಲು, ಟೋಲ್ ನಾಲ್ಕನೆಯವನ ಕಾರ್ಡಿಗೆ. ತಲಾ ಸುಮಾರು 900 ರಿಂಗಿಟ್ ಆಯಿತು.

ಐದು ತಿಂಗಳ ನಂತರ ತಿಳಿಯಿತು: ಆ ನಾಲ್ಕನೆಯವನಿಗೆ ಪ್ರವಾಸಕ್ಕೆ ಮೂರು ವಾರ ಮೊದಲೇ ಕೆಲಸ ಹೋಗಿತ್ತು. ನಮಗೆ ಹೇಳಲು ಮುಜುಗರ, ಬರುವುದಿಲ್ಲ ಅನ್ನಲೂ ಮುಜುಗರ. ಕಾರ್ಡಿಗೆ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದ. ದಿನವಿಡೀ ಕಂಪನಿಗಳ ನಗದು ಹರಿವು ಲೆಕ್ಕ ಹಾಕುವ ನಾನು, ಎದುರಿಗೆ ಕೂತವನ ಜೇಬು ಕೇಳಿರಲಿಲ್ಲ.

900 ರಿಂಗಿಟ್‌ನ ಎರಡು ಲೆಕ್ಕ

ಮಲೇಷ್ಯಾದಲ್ಲಿ ಕ್ರೆಡಿಟ್ ಕಾರ್ಡ್ ಬಡ್ಡಿ ನಿಮ್ಮ ಪಾವತಿಯ ಶಿಸ್ತಿನ ಮೇಲೆ ವರ್ಷಕ್ಕೆ 15%, 17% ಅಥವಾ 18%. ಕನಿಷ್ಠ ಪಾವತಿ ಸಾಮಾನ್ಯವಾಗಿ ಬಾಕಿಯ 5% ಅಥವಾ 50 ರಿಂಗಿಟ್, ಯಾವುದು ಹೆಚ್ಚೋ ಅದು.

- ಸಾಲದ ದಾರಿ: 900 ರಿಂಗಿಟ್‌ನ 5% ಅಂದರೆ 45. ಹಾಗಾಗಿ ತಿಂಗಳಿಗೆ 50 ಕಟ್ಟಬೇಕು. 18% ಬಡ್ಡಿಯಲ್ಲಿ, ಹೊಸ ಖರ್ಚು ಸೇರಿಸದಿದ್ದರೂ, ತೀರಲು ಸುಮಾರು 21 ತಿಂಗಳು. ಬಡ್ಡಿಯೇ ಸುಮಾರು 157 ರಿಂಗಿಟ್.
- ಉಳಿತಾಯದ ದಾರಿ: ತಿಂಗಳಿಗೆ 75ರಂತೆ ತೆಗೆದಿಟ್ಟರೆ 12 ತಿಂಗಳಲ್ಲಿ ಅದೇ 900. ಬಡ್ಡಿ ಸೊನ್ನೆ.

ಮೂರು ದಿನದ ಸುಖಕ್ಕೆ 21 ತಿಂಗಳ ಕಂತು. ಯಾವ ಒತ್ತಡ ಕಳೆಯಲು ಹೊರಟೆವೋ ಅದನ್ನೇ ಕಂತಿನಲ್ಲಿ ಕೊಂಡು ತಂದ ಹಾಗಾಯಿತು.

ಇಪಿಎಫ್‌ಗೆ ಕೈ ಹಾಕಬೇಡಿ

2024ರ ಮೇ 11ರಿಂದ, 55 ವರ್ಷದೊಳಗಿನ ಸದಸ್ಯರ ಹೊಸ ಇಪಿಎಫ್ ವಂತಿಗೆ ಮೂರು ಖಾತೆಗಳಿಗೆ ಹಂಚಿಕೆಯಾಗುತ್ತಿದೆ: ನಿವೃತ್ತಿಗೆ 75%, ಸೆಜಾಹ್ತೆರಾ ಖಾತೆಗೆ 15%, ಫ್ಲೆಕ್ಸಿಬೆಲ್ ಖಾತೆಗೆ 10%. ಕೊನೆಯದರಿಂದ ಯಾವಾಗ ಬೇಕಾದರೂ, 50 ರಿಂಗಿಟ್‌ನಿಂದ ಮೇಲಕ್ಕೆ ತೆಗೆಯಬಹುದು. ಶುಕ್ರವಾರ ರಾತ್ರಿ ಕೈ ಮೊದಲು ಹೋಗುವುದು ಅಲ್ಲಿಗೇ.

ಆದರೆ 2024ಕ್ಕೆ ಇಪಿಎಫ್ ಕೊಟ್ಟ ಸಾಂಪ್ರದಾಯಿಕ ಡಿವಿಡೆಂಡ್ 6.30%. ಲೆಕ್ಕಕ್ಕೆ 6% ಎಂದೇ ಇಟ್ಟುಕೊಳ್ಳಿ. ವರ್ಷಕ್ಕೆ 900ರಂತೆ 20 ವರ್ಷ ಅಲ್ಲೇ ಬಿಟ್ಟರೆ ಸುಮಾರು 33,000 ರಿಂಗಿಟ್. ಪ್ರವಾಸ ಬೇಡ ಅನ್ನುತ್ತಿಲ್ಲ. ಈ ತಿಂಗಳ ಖರ್ಚಿನಿಂದ ಹೋಗಿ, ಮುಪ್ಪಿನ ದುಡ್ಡಿನಿಂದಲ್ಲ.

ರಜೆಯೂ ಆಸ್ತಿ

ಇಲ್ಲಿನ 1955ರ ಉದ್ಯೋಗ ಕಾಯ್ದೆಯ ಪ್ರಕಾರ ಕನಿಷ್ಠ ವಾರ್ಷಿಕ ರಜೆ: ಎರಡು ವರ್ಷದೊಳಗಿನ ಸೇವೆಗೆ 8 ದಿನ, ಎರಡರಿಂದ ಐದು ವರ್ಷದೊಳಗೆ 12, ಆಮೇಲೆ 16. ಸಂಬಳ ಸಹಿತ ರಜೆಯನ್ನು ಬಳಸದೆ ಕಳೆದುಕೊಂಡರೆ ಅದೂ ನಷ್ಟವೇ. ಎರಡು ದಿನವನ್ನು "ದಿಢೀರ್" ಲೆಕ್ಕಕ್ಕೆ ಮೀಸಲಿಡಿ. ವಾರದ ನಡುವೆ ಒಂದು ದಿನ ರಜೆ ಹಾಕಿದರೆ, ಸಾಲುರಜೆಯ ದುಪ್ಪಟ್ಟು ಬಾಡಿಗೆಯೂ ತಪ್ಪುತ್ತದೆ.

ನಮ್ಮ ನಾಲ್ಕು ನಿಯಮಗಳು

1. ಪ್ರತಿಯೊಬ್ಬರೂ ಸಂಬಳದ ದಿನವೇ 75 ರಿಂಗಿಟ್ ಬೇರೆ ಖಾತೆಗೆ ಹಾಕುವುದು. ತುರ್ತು ನಿಧಿಯೇ ಇಲ್ಲದವರು ಮೊದಲು ಅದನ್ನು ಕಟ್ಟಲಿ.
2. ಊರು ಆರಿಸುವ ಮೊದಲೇ ಮೊತ್ತ ನಿಗದಿ. ಎಲ್ಲರೂ ತಮ್ಮ ಮಿತಿಯನ್ನು ಒಬ್ಬನಿಗೆ ಮಾತ್ರ ಮೆಸೇಜ್ ಮಾಡುವುದು. ಅತಿ ಕಡಿಮೆ ಬಂದದ್ದೇ ಎಲ್ಲರ ಬಜೆಟ್. ಯಾರದೆಂದು ಉಳಿದವರಿಗೆ ಹೇಳುವಂತಿಲ್ಲ.
3. ಹೊರಡುವ ಮುನ್ನವೇ ಹಣ ಒಬ್ಬನ ಕೈಗೆ. ಉಳಿದರೆ ವಾಪಸ್.
4. ಕಾರ್ಡ್ ಬಳಸಿದರೆ ಆ ತಿಂಗಳೇ ಪೂರ್ತಿ ತೀರಿಸುವುದು.

ಈ ನಿಯಮದಲ್ಲಿ ನಡೆದ ಮೊದಲ ಪ್ರವಾಸದ ಬಜೆಟ್ ತಲಾ 80 ರಿಂಗಿಟ್. ಸುಬಾಂಗ್ ಜಯಾ ನಿಲ್ದಾಣದಲ್ಲಿ ಕೆಟಿಎಂ ಕೊಮ್ಯೂಟರ್ ಹತ್ತಿ, ಕೊನೆಯ ನಿಲ್ದಾಣ ಪೆಲಾಬುಹಾನ್ ಕ್ಲಾಂಗ್‌ನಲ್ಲಿ ಇಳಿದು, ಅಲ್ಲಿಂದ ದೋಣಿಯಲ್ಲಿ ಪುಲಾವ್ ಕೆತಾಮ್‌ಗೆ ಹೋದೆವು. ಕೆತಾಮ್ ಎಂದರೆ ಏಡಿ. ಕಂಬಗಳ ಮೇಲೆ ನಿಂತ ಮನೆಗಳ ಮೀನುಗಾರರ ಊರು ಅದು. ಕಾರುಗಳಿಲ್ಲ, ಸೈಕಲ್‌ಗಳೇ. ಊಟ ಮಾಡಿ, ಸೈಕಲ್ ತುಳಿದು, ಸಂಜೆ ಮನೆಗೆ ಬಂದೆವು. ಕೆಲಸ ಕಳೆದುಕೊಂಡಿದ್ದ ಗೆಳೆಯ, ಸಂದರ್ಶನಗಳಲ್ಲಿ ಏನಾಗುತ್ತಿದೆ ಎಂದು ದೋಣಿಯಲ್ಲಿ ಬಾಯಿಬಿಟ್ಟು ಹೇಳಿದ. ಕ್ಯಾಮರೂನ್‌ನ ಮೂರು ದಿನದಲ್ಲಿ ಅವನು ಅದನ್ನು ಹೇಳಿರಲಿಲ್ಲ.

ಈ ವಾರದ ಮನೆಗೆಲಸ: ನಿಮ್ಮ ಕೊನೆಯ ದಿಢೀರ್ ಪ್ರವಾಸದ ಖರ್ಚನ್ನು 12ರಿಂದ ಭಾಗಿಸಿ. ಆ ಮೊತ್ತವನ್ನು ಮುಂದಿನ ಸಂಬಳದ ದಿನದಿಂದ ತೆಗೆದಿಡಲು ಆಗುತ್ತದೆಯೇ ನೋಡಿ. ಆಗದಿದ್ದರೆ ಊರು ಬದಲಿಸಿ, ಗೆಳೆಯರನ್ನಲ್ಲ.