ಬಾವಿಯ ಕೂರ್ಮ

ವಸ್ತಾರೆಯ ನಮ್ಮ ಮನೆಯ ಹಿತ್ತಿಲಲ್ಲಿ, ಕಾಫಿ ತೋಟದ ನೆರಳು ಗದ್ದೆಯ ಬಯಲನ್ನು ಮುಟ್ಟುವೆಡೆಯಲ್ಲಿ, ಕಲ್ಲು ಕಟ್ಟಿದ ಹಳೆಯ ಬಾವಿಯೊಂದಿತ್ತು. ನನ್ನ ಹತ್ತನೆಯ ವಯಸ್ಸಿನಲ್ಲಿ, ನಾಟಿಯ ಕಾಲದಲ್ಲಿ ಬದುವಿನ ಮೇಲೆ ದೊರೆತ ಒಂದು ಕರಿಯಾಮೆಯನ್ನು ನಾನೇ ಕೈಯಾರ ಒಯ್ದು ಆ ಬಾವಿಗೆ ಬಿಟ್ಟೆನು. ಬಾವಿಯಲ್ಲಿ ಆಮೆಯಿದ್ದರೆ ಅದು ಹುಳುಹುಪ್ಪಟೆಗಳನ್ನು ತಿಂದು ನೀರನ್ನು ತಿಳಿಯಾಗಿಡುವುದೆಂಬುದು ನಮ್ಮ ಕಡೆಯ ಹಳೆಯ ನಂಬಿಕೆ. "ಒಳ್ಳೇದಾಯ್ತು ಕಣೋ ಮಗ, ಮನೇಗೆ ಕೂರ್ಮ ಬಂದಂಗಾಯ್ತು" ಎಂದು ಅಜ್ಜಿ ಕೈಮುಗಿದರು. ದೇವಾಲಯದ ನೆಲಗಲ್ಲಿನಲ್ಲಿ ಕಂಡರಿಸಿದ ಆಮೆಯನ್ನು ತುಳಿಯದೆ ದಾಟುವ ಸಂಸ್ಕಾರದಲ್ಲಿ ಬೆಳೆದ ನಮಗೆ, ಪೂಜ್ಯವಾದ ಪ್ರಾಣಿಯೂ ಸೆರೆಯಲ್ಲಿ ನೋಯಬಹುದೆಂಬ ಶಂಕೆಯೇ ಹುಟ್ಟಲಿಲ್ಲ.

ಏಳು ವರ್ಷ ಅದು ಅಲ್ಲಿದ್ದಿತು. ಕೊಡ ನೀರಿಗೆ ಬಿದ್ದ ಸಪ್ಪಳಕ್ಕೆ ಮೇಲೆ ಬಂದು ಮೂಗಿನ ತುದಿಯನ್ನಷ್ಟೇ ತೋರುತ್ತಿದ್ದ ಅದಕ್ಕೆ ನಾನು ನಿತ್ಯವೂ ಒಂದು ಹಿಡಿ ಅನ್ನವನ್ನೆಸೆದು, ಅದರ ಬರವನ್ನು ಪ್ರೀತಿಯೆಂದೇ ಬಗೆದಿದ್ದೆನು.

ಮಳೆ ತಡವಾದ ಒಂದು ಬೇಸಗೆಯಲ್ಲಿ ಬಾವಿಯ ಹೂಳೆತ್ತಬೇಕಾಯಿತು. ಆಳುಗಳು ಬುಟ್ಟಿಯಲ್ಲಿಟ್ಟು ಮೇಲಕ್ಕೆಳೆದ ಆಮೆಯನ್ನು ಕಣದ ಬಿಸಿಲಿನಲ್ಲಿ ಇಳಿಸಿದಾಗ ಅದನ್ನು ಮೊದಲ ಬಾರಿಗೆ ಹತ್ತಿರದಿಂದ ಕಂಡೆನು. ಕಣ್ಣೆವೆಗಳು ಊದಿ ಮುಚ್ಚಿಹೋಗಿದ್ದವು. ಬೆನ್ನ ಮೇಲೆ ಮೂರು ಏಣುಗಳಾಗಿ ಎದ್ದು ನಿಲ್ಲಬೇಕಾದ ಚಿಪ್ಪು ಹೆಬ್ಬೆರಳೊತ್ತಿದರೆ ತುಸು ತಗ್ಗುವಷ್ಟು ಮೆತ್ತಗಾಗಿದ್ದಿತು. ಕಲ್ಲಿನ ಗೋಡೆಯನ್ನು ಹತ್ತಲೆಳಸಿ ಎಳಸಿ ಮುಂಗಾಲಿನ ಉಗುರುಗಳು ಬುಡದವರೆಗೆ ಸವೆದಿದ್ದವು. ಕೊನೆಯ ಬುಟ್ಟಿಯ ಕೆಸರಿನಲ್ಲಿ ನೀಳವಾದ ಎರಡು ಬಿಳಿಯ ಮೊಟ್ಟೆಗಳಿದ್ದವು, ಒಂದು ಒಡೆದದ್ದು. ಮಣ್ಣನ್ನು ಕಾಣದ ತಾಯಿ ಅವನ್ನು ನೀರಿನಲ್ಲಿಯೇ ಉದುರಿಸಿದ್ದಿತು. ಆ ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತ ಗಳಿಗೆಯನ್ನು ನಾನು ಇಂದಿಗೂ ಮರೆತಿಲ್ಲ.

ನೀರಿನ ಆಮೆಗೆ ನೀರೊಂದೇ ಸಾಲದೆಂಬುದನ್ನು ನಾನು ಕಲಿತದ್ದು ಹೀಗೆ, ತೀರ ತಡವಾಗಿ. ಹಳ್ಳದ ಬಂಡೆಯ ಮೇಲೆ ಕತ್ತು ಚಾಚಿ ಅದು ಬಿಸಿಲಿಗೆ ಮೈಯೊಡ್ಡುವುದು ಆಲಸ್ಯದಿಂದಲ್ಲ. ಆ ಬಿಸಿಲಿನಿಂದಲೇ ಅದರ ದೇಹ ಡಿ ಜೀವಸತ್ವವನ್ನು ರಚಿಸಿಕೊಂಡು, ತಿಂದ ಆಹಾರದ ಸುಣ್ಣವನ್ನು ಚಿಪ್ಪಿಗೂ ಎಲುಬಿಗೂ ಒಯ್ಯುತ್ತದೆ. ಅನ್ನದಲ್ಲಿ ಆ ಸುಣ್ಣವೂ ಸಾಕಷ್ಟಿಲ್ಲ, ಕಣ್ಣನ್ನು ಕಾಯುವ ಎ ಜೀವಸತ್ವವೂ ಇಲ್ಲ. ತಾಯಾಮೆ ಕೇವಲ ಸ್ಮರಣೆಯಿಂದ ಮರಿಗಳನ್ನು ಪೊರೆಯುವುದೆಂದು ನಮ್ಮ ಹಿರಿಯರು ನಂಬಿದ್ದರು. ಹಿಂಗಾಲಿನಿಂದ ಗುಳಿ ತೋಡಿ, ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಮತ್ತೆಂದೂ ತಿರುಗಿ ನೋಡದೆ ಹೊರಟುಹೋಗುವ ಆ ಜೀವಿಯ ಮರಿಗಳನ್ನು ಮುಂದೆ ಪೊರೆಯುವುದು ಬೆಚ್ಚನೆಯ ನೆಲ. ನಾನು ಅದರಿಂದ ಕಸಿದುಕೊಂಡದ್ದು ಆ ನೆಲವನ್ನೇ.

ಅನಂತರ ನಾನು ಗದ್ದೆ-ಕೆರೆಗಳನ್ನು ಬೇರೆಯ ಕಣ್ಣಿನಿಂದ ನೋಡತೊಡಗಿದೆನು. ನೀರು ಬತ್ತಿದಾಗ ಕೆಸರಿನೊಳಗೆ ಹುದುಗಿ ಮಳೆಗಾಗಿ ಕಾಯುವ, ಹಿಂಗಾಲುಗಳನ್ನು ಚರ್ಮದ ಮಡಿಕೆಯಿಂದ ಮುಚ್ಚಿಕೊಳ್ಳುವ ಮೆದುಚಿಪ್ಪಿನ ಆಮೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿದೆ; ಹುಲಿಗಿರುವ ರಕ್ಷಣೆಯೇ ಅದಕ್ಕೂ. ಪಶ್ಚಿಮ ಘಟ್ಟದ ಕಾಡುನೆಲದಲ್ಲಿ ಬಾಳುವ ಬೆತ್ತದಾಮೆಯನ್ನು ಶಾಸ್ತ್ರಜ್ಞರು 1912ರಲ್ಲಿ ವರ್ಣಿಸಿದ ಮೇಲೆ ಎಪ್ಪತ್ತು ವರ್ಷ ಅದರ ಸುಳಿವೇ ಇರಲಿಲ್ಲ. 1982ರಲ್ಲಿ ಅದನ್ನು ಮತ್ತೆ ಕಂಡುಹಿಡಿದ ಜೆ. ವಿಜಯಾ ಅವರ ಹೆಸರನ್ನು 2006ರಲ್ಲಿ ಅದರ ಕುಲಕ್ಕೇ ಇಟ್ಟರು. ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಆಕೆ ಆ ಗೌರವವನ್ನು ಕಾಣಲಿಲ್ಲ.

ಕೆಲವು ವರ್ಷಗಳ ಹಿಂದೆ ತಮ್ಮನ ಮಗನು ಬೆಂಗಳೂರಿನಿಂದ ಕೆಂಪು ಕಿವಿಯ ಆಮೆಯೊಂದನ್ನು ತಂದು, "ದೊಡ್ಡಪ್ಪ, ಇದನ್ನ ನಮ್ಮ ಕೆರೆಗೆ ಬಿಟ್ಟುಬಿಡೋಣ್ವಾ?" ಎಂದನು. ನಾಣ್ಯದಷ್ಟಿದ್ದಾಗ ಕೊಂಡದ್ದು ತಟ್ಟೆಯಷ್ಟಾಗಿತ್ತು. ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆಯ ಆ ಪ್ರಾಣಿ ಇಲ್ಲಿ ನೆಲೆಯೂರಿದರೆ ನಮ್ಮ ಆಮೆಗಳ ಆಹಾರಕ್ಕೂ ಬಿಸಿಲಿನ ಬಂಡೆಗೂ ಪೈಪೋಟಿಗಿಳಿಯುವುದು. ನಾನು ಒಪ್ಪಲಿಲ್ಲ. ಬಿಡುಗಡೆಯೆಲ್ಲವೂ ದಯೆಯಲ್ಲವೆಂದು ಅವನಿಗೆ ತಿಳಿಸಿ, ಅದನ್ನು ಬಿಸಿಲು ಬೀಳುವ ಅಗಲವಾದ ತೊಟ್ಟಿಯಲ್ಲಿ ಸಾಕುವ ಹೊಣೆಯನ್ನು ಅವನ ಮೇಲೆಯೇ ಹೊರಿಸಿದೆನು.

ನನ್ನ ಕರಿಯಾಮೆಯನ್ನು, ಬಾವಿಯಿಂದ ಮೇಲೆತ್ತಿದ ದಿನದ ಸಂಜೆಯೇ, ಅದು ಸಿಕ್ಕಿದ್ದ ಬದುವಿನ ಕೆಳಗಣ ಹಳ್ಳದ ದಡದಲ್ಲಿ ಬಿಟ್ಟುಬಂದೆನು. ಅದು ಬದುಕಿತೆಂದು ಹೇಳುವ ಧೈರ್ಯ ನನಗಿಲ್ಲ. ಮುಂಗಾರಿನ ಮೊದಲ ಮಳೆಗೆ ನಮ್ಮ ರಸ್ತೆಗಳನ್ನು ಆಮೆಗಳು ದಾಟುತ್ತವೆ. ಕಂಡವರು ದಯವಿಟ್ಟು ವಾಹನ ನಿಲ್ಲಿಸಿ, ಮನೆಗಾಗಲಿ ಬಾವಿಗಾಗಲಿ ಒಯ್ಯದೆ, ಅವು ಮುಖಮಾಡಿದ್ದ ದಿಕ್ಕಿನ ದಡಕ್ಕೇ ದಾಟಿಸಿ ಇಳಿಸಿರಿ.